ಐದಕ್ಷರದ ಮಾತು

ನಮ್ಮೂರಿನಲ್ಲಿ ಹುಟ್ಟಿ ಬೆಳೆದು ನಲವತ್ತಾರು ವರ್ಷವಾದರೂ ಆ ಮಾತನ್ನು ನಾನು ಸಿಟ್ಟಿನಿಂದ ಆಡಿದ್ದು ಒಂದೇ ಸಲ. ಆಡಬಾರದವರ ಮೇಲೆಯೇ ಆಡಿದೆ. ಈಗ ಅದನ್ನು ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ. ಊರಿಗೆಲ್ಲ ಗೊತ್ತಿರುವ ಸಂಗತಿ. ಊರಿಗೆಲ್ಲ ಗೊತ್ತಾಗುವ ಹಾಗೆ ಮಾಡಿದವಳೂ ನಾನೇ.

ನನ್ನ ಹೆಸರು ಕೋಮಲಾ. ಹೆಸರಿಡುವ ಮುಂಚೆ ನಮ್ಮಜ್ಜಿ ಸ್ವಲ್ಪ ದಿನ ತಾಳಬೇಕಿತ್ತು. ಬಸ್ ನಿಲ್ದಾಣದ ಮೈಕಿನಲ್ಲಿ ಯಾವ ಊರಿನ ಬಸ್ಸು ಎಲ್ಲಿ ನಿಂತಿದೆ, ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ಕೂಗಿ ಹೇಳುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷದಿಂದ ಕೂಗುತ್ತಿದ್ದೇನೆ. ನಿಲ್ದಾಣದ ನಾಲ್ಕು ಕಂಬಗಳಿಗೆ ಕಟ್ಟಿದ ಸ್ಪೀಕರುಗಳಿಂದ ನನ್ನ ದನಿ ಊರಾಚೆಯ ಕೆರೆ ಏರಿಯವರೆಗೂ ಕೇಳುತ್ತದೆ. ನಾನು ಒಂಬತ್ತೂಕಾಲರ ಬಸ್ಸು ಕೂಗಿದರೆ ಎಷ್ಟೋ ಮನೆಗಳಲ್ಲಿ ಕುಕ್ಕರ್ ಇಳಿಸುತ್ತಾರೆ. ಮನೆಯಲ್ಲೂ ಇವಳಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ ಎಂದು ನಮ್ಮ ಯಜಮಾನರು ಪರಮೇಶಿ ಬಂದವರ ಮುಂದೆಲ್ಲ ದೂರುತ್ತಾರೆ. ಅವರದು ನಿಲ್ದಾಣದ ಎದುರಿಗೇ ಜೆರಾಕ್ಸ್ ಅಂಗಡಿ. ದಿನವಿಡೀ ನನ್ನ ದನಿ ಕೇಳಿ, ಸಾಯಂಕಾಲ ಮತ್ತೆ ಅದನ್ನೇ ಕೇಳಬೇಕು, ಪಾಪ.

ಆ ಮಾತು ಯಾವುದೆಂದರೆ, ಕಸುಬುಗೇಡು. ತನ್ನ ಕಸುಬಿಗೆ ತಕ್ಕದ್ದಲ್ಲದ ಕೆಲಸವನ್ನು ಯಾರಾದರೂ ಮಾಡಿ, ಅದನ್ನು ಅನುಭವಿಸಿದವರು ಅವರ ಮುಖ ನೋಡಿ ಆ ಮಾತನ್ನು ಆಡಿದರೆ, ಅವರ ಸಲಕರಣೆ ಮುನಿಸಿಕೊಳ್ಳುತ್ತದೆ. ಹಾಲಿನ ಸೋಮಣ್ಣ ಹಾಲಿಗೆ ನೀರು ಬೆರೆಸಿದ್ದಕ್ಕೆ ಒಬ್ಬ ಬಾಣಂತಿ ಬಾಗಿಲಲ್ಲೇ ನಿಂತು ಆಡಿದಳು. ಅವತ್ತಿನಿಂದ ಅವನ ಹಿತ್ತಾಳೆ ಪಾವಿನಲ್ಲಿ ಹಾಲು ನಿಲ್ಲುವುದಿಲ್ಲ. ತೂತಿಲ್ಲ, ಬಿರುಕಿಲ್ಲ, ಸೋರಿಹೋಗುತ್ತದೆ. ಈಗ ಅವನು ಸೌದೆ ಡಿಪೋದಲ್ಲಿದ್ದಾನೆ. ಗಿರಾಕಿಯ ಮನೆ ಜಗಳವನ್ನು ಬೀದಿಗೆ ತಂದ ಕ್ಷೌರದವನೊಬ್ಬನ ಬಾಚಣಿಗೆ ಕೂದಲಿಗೆ ಹತ್ತುವುದನ್ನೇ ಬಿಟ್ಟಿತು. ತಪ್ಪು ಮಾಡದವರ ಮೇಲೆ ಆಡಿದರೆ ಏನೂ ಆಗುವುದಿಲ್ಲ. ಆಡಿದವರೇ ತಲೆ ತಗ್ಗಿಸಿಕೊಂಡು ಮನೆಗೆ ಹೋಗಬೇಕು. ಒಮ್ಮೆ ಆಡಿದ್ದನ್ನು ವಾಪಸು ತೆಗೆದುಕೊಳ್ಳಲು ಮಾತ್ರ ಬರುವುದಿಲ್ಲ.

ಹಾಗಾಗಿ ನಮ್ಮಲ್ಲಿ ಅದನ್ನು ಬಾಯಿಬಿಟ್ಟು ಹೇಳುವವರಿಲ್ಲ. ಹೇಳಲೇಬೇಕಾದರೆ ‘ಐದಕ್ಷರ’ ಎನ್ನುತ್ತೇವೆ. ಶಾಲೆಯ ಕಪ್ಪು ಹಲಗೆಯ ಮೇಲೆ ಒಂದು ‘ಕ’ ಬರೆದು ನಾಲ್ಕು ಚುಕ್ಕಿ ಇಡುತ್ತಾರೆ. ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ಅವರವರ ಕಸುಬಿನ ಕಟ್ಟುಪಾಡುಗಳನ್ನು ಮೊದಲ ದಿನವೇ ಬಾಯಿಪಾಠ ಮಾಡಿಸುತ್ತಾರೆ. ನನಗೂ ಮಾಡಿಸಿದ್ದರು. ಬಸ್ಸು, ಕಳೆದುಹೋದ ಮಗು, ಸಿಕ್ಕಿದ ಚೀಲ, ಈ ಮೂರು ಬಿಟ್ಟು ಮೈಕಿನಲ್ಲಿ ನಾಲ್ಕನೆಯದು ಬರಬಾರದು. ದರ್ಜಿಯ ಕಟ್ಟುಪಾಡು ಇನ್ನೂ ಚಿಕ್ಕದು: ಗಿರಾಕಿಯ ಅಳತೆ ಬಾಯಿಗೆ ಬರಬಾರದು.

ನನ್ನ ದರ್ಜಿ ಶಂಷಾದ್‌ಬಿ. ಊರಿಗೆಲ್ಲ ಶಂಷಾದಕ್ಕ. ಹತ್ತೊಂಬತ್ತು ವರ್ಷದಿಂದ ನನ್ನ ರವಿಕೆಗಳನ್ನು ಹೊಲಿದವರು ಅವರೇ. ಅವರು ಟೇಪು ಹಿಡಿದರೆ ಅಳತೆ ಎಷ್ಟಾಯಿತೆಂದು ಅಳತೆ ಕೊಟ್ಟವರಿಗೂ ಗೊತ್ತಾಗುತ್ತಿರಲಿಲ್ಲ. ಬೆನ್ನು ತಿರುಗಿಸಿ ಪುಸ್ತಕದಲ್ಲಿ ಗೀಚಿಕೊಂಡು, ಮುಚ್ಚಿ, ಅದರ ಮೇಲೆ ಕತ್ತರಿ ಇಟ್ಟುಬಿಡುವರು. ಒಂದೇ ಮನೆಯ ಅತ್ತೆ ಸೊಸೆಯರು ಬಂದು ಯಾರು ದಪ್ಪ ಎಂದು ಬಾಯಿಬಿಡಿಸಲು ನೋಡಿ ಸೋತು ಹೋಗಿದ್ದಾರೆ. ನನ್ನ ಸೊಂಟ ಏರಿದ್ದನ್ನೂ ಇಳಿದದ್ದನ್ನೂ ಹತ್ತೊಂಬತ್ತು ವರ್ಷ ನೋಡಿ ಒಂದು ಸಲವೂ ಹುಬ್ಬು ಹಾರಿಸಿದವರಲ್ಲ. ಇಂಥವರು ಇರುವುದರಿಂದಲೇ ಹೆಂಗಸರು ಮಾನವಾಗಿ ಬಟ್ಟೆ ಹಾಕಿಕೊಂಡು ಓಡಾಡುತ್ತಿದ್ದೇವೆ ಎಂದು ನಾನೇ ಎಷ್ಟೋ ಸಲ ಹೇಳಿದ್ದುಂಟು.

ಹೋದ ಸಂಕ್ರಾಂತಿಗೆ ರವಿಕೆ ಹೊಲಿಸಲು ಹೋದಾಗ ಅವರು ಒಂದೇ ಕಡೆ ಎರಡು ಸಲ ಟೇಪು ಹಿಡಿದರು. ಊಟ ಸರಿಯಾಗಿ ಮಾಡುತ್ತಿದ್ದೀರಾ ಎಂದರು. ಮಾಡುತ್ತಿದ್ದೇನೆ ಎಂದೆ. ಒಂದು ತಿಂಗಳು ಬಿಟ್ಟು ಅದೇ ರವಿಕೆ ಸಡಿಲವೆಂದು ಹಿಡಿಸಲು ಕೊಟ್ಟಾಗ, ಒಮ್ಮೆ ಆಸ್ಪತ್ರೆಗೆ ತೋರಿಸಿಕೊಂಡು ಬನ್ನಿ ಎಂದರು. ನಾನು ನಕ್ಕುಬಿಟ್ಟೆ. ನಿಲ್ದಾಣದಲ್ಲಿ ಕಂಡಕ್ಟರುಗಳೆಲ್ಲ ಏನು ಮೇಡಂ ಹುಡುಗಿ ಆಗಿಬಿಟ್ರಿ ಎನ್ನುತ್ತಿದ್ದರು; ಅಂಥ ಹೊತ್ತಿನಲ್ಲಿ ಆಸ್ಪತ್ರೆಯ ಮಾತು ಯಾರಿಗೆ ಬೇಕು. ಸುಸ್ತು ಇತ್ತು, ಸುಳ್ಳು ಹೇಳಬಾರದು. ಹೊಟ್ಟೆಯ ಎಡಗಡೆ ಏನೋ ಹಿಂಡಿದ ಹಾಗೆ ಆಗುತ್ತಿತ್ತು. ಗ್ಯಾಸು ಎಂದುಕೊಂಡು ಜೀರಿಗೆ ಕಷಾಯ ಕುಡಿಯುತ್ತಿದ್ದೆ. ಯುಗಾದಿ ಹೊತ್ತಿಗೆ ಮೂರನೆಯ ಸಲ ಅಳತೆ ಕೊಟ್ಟಾಗ ಶಂಷಾದಕ್ಕ ಟೇಪನ್ನು ಕೈಗೆ ಸುತ್ತಿಕೊಂಡು ಪುಸ್ತಕದ ಹಳೆಯ ಹಾಳೆ ತಿರುವಿ ನೋಡಿದರು. ಮತ್ತೆ ಅದೇ ಮಾತು ತೆಗೆದರು. ಬಟ್ಟೆ ಹೊಲಿಯುವವರು ಬಟ್ಟೆ ಹೊಲಿಯಬೇಕು, ನಾಡಿ ಹಿಡಿಯಬಾರದು ಎಂದು ನಾನು ಗದರಿ ಬಂದೆ.

ಮಾರನೆಯ ದಿನ ಅವರು ನಮ್ಮ ಯಜಮಾನರ ಅಂಗಡಿಗೆ ಹೋದರಂತೆ. ನಾನು ನಿಲ್ದಾಣದಲ್ಲಿ ಕೂಗುತ್ತಿದ್ದೆ. ಸಾಯಂಕಾಲ ಊಟದ ಹೊತ್ತಿಗೆ ಈ ಮನುಷ್ಯ ತಟ್ಟೆ ನೋಡುತ್ತಾ, ಹೆದರಿಕೊಂಡು ಬಾಯಿಬಿಟ್ಟರು. ದೀಪಾವಳಿಯಲ್ಲಿ ಎದೆಯ ಅಳತೆ ಮೂವತ್ತಾರು ಇತ್ತಂತೆ, ಈಗ ಮೂವತ್ತೆರಡಂತೆ, ಐದು ತಿಂಗಳಲ್ಲಿ ನಾಲ್ಕು ಇಂಚು ಇಳಿಯುವುದು ಒಳ್ಳೆಯದಲ್ಲವಂತೆ. ನನ್ನ ಕಿವಿಗೆ ಆಸ್ಪತ್ರೆಯೂ ಕೇಳಲಿಲ್ಲ, ಐದು ತಿಂಗಳೂ ಕೇಳಲಿಲ್ಲ. ಮೂವತ್ತಾರು, ಮೂವತ್ತೆರಡು ಇಷ್ಟೇ ಕೇಳಿತು. ಜೆರಾಕ್ಸ್ ಅಂಗಡಿಯಲ್ಲಿ, ಜಾತಿ ಸರ್ಟಿಫಿಕೇಟು ಪ್ರಿಂಟು ತೆಗೆಸಲು ನಿಂತ ನಾಲ್ಕು ಜನರ ನಡುವೆ ನನ್ನ ಎದೆಯ ಅಳತೆ. ಮೈಯೆಲ್ಲ ಉರಿದುಹೋಯಿತು. ಅಂಗಡಿಯಲ್ಲಿ ಯಾರೂ ಇರಲಿಲ್ಲ ಕಣೇ, ಅವರು ಕಾದಿದ್ದು ಹೇಳಿದರು ಎಂದು ಯಜಮಾನರು ಎಷ್ಟು ಹೇಳಿದರೂ ನನ್ನ ತಲೆಗೆ ಹೋಗಲಿಲ್ಲ.

ಬೆಳಿಗ್ಗೆ ಕೆಲಸಕ್ಕೆ ಹೋಗುವ ದಾರಿಯಲ್ಲೇ ಅವರ ಅಂಗಡಿಗೆ ನುಗ್ಗಿದೆ. ಮೂವರು ಹೆಂಗಸರು ಕೂತಿದ್ದರು. ಶಂಷಾದಕ್ಕ ಮೇಜಿನ ಮೇಲೆ ಗಿಳಿಹಸಿರು ರೇಷ್ಮೆ ಬಟ್ಟೆ ಹಾಸಿಕೊಂಡು ಕತ್ತರಿಸುತ್ತಿದ್ದರು. ನಾನು ಬಾಗಿಲಲ್ಲೇ ನಿಂತು, ನನ್ನ ಬಸ್ ನಿಲ್ದಾಣದ ದನಿಯಲ್ಲಿ, ನೀವು ಮಾಡಿದ್ದು ಕಸುಬುಗೇಡು ಎಂದೆ. ಕತ್ತರಿ ನಿಂತಿತು. ಅವರು ಹಿಡಿ ಅದುಮಿದರು. ಕತ್ತರಿಯ ಬಾಯಿ ಮುಚ್ಚಿತು, ಬಟ್ಟೆ ಮಾತ್ರ ಒಂದು ಎಳೆಯೂ ಕಡಿಯದೆ ಪಕ್ಕಕ್ಕೆ ಜಾರಿತು. ಕೂತಿದ್ದ ಹೆಂಗಸರಲ್ಲಿ ಒಬ್ಬಳು ಸೆರಗು ಬಾಯಿಗೆ ಒತ್ತಿಕೊಂಡಳು. ಶಂಷಾದಕ್ಕ ಕತ್ತರಿಯನ್ನು ನಿಧಾನವಾಗಿ ಮೇಜಿನ ಮೇಲಿಟ್ಟರು. ಅವರ ಕಣ್ಣಲ್ಲಿ ಸಿಟ್ಟು ಇರುತ್ತದೆಂದು ಕಾದಿದ್ದೆ. ಇರಲಿಲ್ಲ.

“ಆಯ್ತಲ್ಲ ಕೋಮಲಮ್ಮ, ಸಿಟ್ಟು ತೀರ್ತಲ್ಲ,” ಎಂದರು. “ಇನ್ನಾದ್ರೂ ಡಾಕ್ಟ್ರ ಹತ್ರ ಹೋಗಿ. ಇವತ್ತೇ ಹೋಗಿ.”

ಆ ಮಾತು ನನ್ನನ್ನು ನಿಲ್ದಾಣದವರೆಗೂ ಬಿಡಲಿಲ್ಲ. ಆಡುವುದನ್ನು ಆಡಿಯಾಗಿತ್ತು, ಅವರ ಕತ್ತರಿ ನಿಂತಾಗಿತ್ತು, ಆದರೂ ಅವರು ನನ್ನ ಆರೋಗ್ಯದ ಬಗ್ಗೆಯೇ ಮಾತಾಡಿದ್ದರು. ಮಧ್ಯಾಹ್ನದ ಬಸ್ಸುಗಳನ್ನು ಕೂಗಿ ಮುಗಿಸಿ, ಅರ್ಧ ದಿನ ರಜೆ ಹಾಕಿ, ಯಜಮಾನರ ಜೊತೆ ದೊಡ್ಡಾಸ್ಪತ್ರೆಗೆ ಹೋದೆ. ಕರುಳಿನಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ ಇತ್ತು. ಹತ್ತು ದಿನದಲ್ಲಿ ಆಪರೇಷನ್ ಆಯಿತು. ಒಳ್ಳೆ ಹೊತ್ತಿಗೆ ಬಂದಿದ್ದೀರಿ, ಇನ್ನೊಂದು ಮೂರು ತಿಂಗಳು ಬಿಟ್ಟಿದ್ದರೆ ನಾನೇನೂ ಹೇಳುವ ಹಾಗಿರಲಿಲ್ಲ ಎಂದ ಡಾಕ್ಟರು, ಮೊದಲು ಗಮನಿಸಿದ್ದು ಯಾರು ಎಂದು ಕೇಳಿದರು. ಟೈಲರಮ್ಮ ಎಂದು ಯಜಮಾನರೇ ಹೇಳಿದರು. ಆ ತಾಯಿಗೆ ದೊಡ್ಡ ನಮಸ್ಕಾರ ಹೇಳಿ ಎಂದು ಡಾಕ್ಟರು ಹೋದ ಮೇಲೆ ನಾನು ಗೋಡೆಗೆ ಮುಖ ಮಾಡಿಕೊಂಡು ಅತ್ತೆ. ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ಅಳುವುದು ಬಹಳ ಕಷ್ಟ.

ಶಂಷಾದಕ್ಕನೇ ನನ್ನನ್ನು ನೋಡಲು ಬಂದರು. ಟಿಫಿನ್ ಡಬ್ಬಿಯಲ್ಲಿ ಅಕ್ಕಿ ಗಂಜಿ ತಂದಿದ್ದರು. ಅಂಗಡಿ ಮುಚ್ಚಿದ್ದಾರೆ, ಕತ್ತರಿಯ ಹಿಂದೆಯೇ ಸೂಜಿಯೂ ಮಿಷನ್ನೂ ನಿಂತಿವೆ, ಹೆಣ್ಣುಮಕ್ಕಳ ಹಾಸ್ಟೆಲಿನ ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸಲು ಹೋಗುತ್ತಿದ್ದಾರೆ ಎಂದು ಯಜಮಾನರಿಂದ ಮೊದಲೇ ತಿಳಿದಿತ್ತು. ಐವತ್ತೆಂಟು ವರ್ಷ ಅವರಿಗೆ. ಗಂಡ ತೀರಿಕೊಂಡ ಮೇಲೆ ಆ ಕತ್ತರಿಯೇ ಅವರ ಮನೆ ನಡೆಸಿತ್ತು. ನಾನು ಅವರ ಕೈ ಹಿಡಿದುಕೊಂಡೆ. ನೀವು ಹೇಳಿದ್ದರಿಂದಲೇ ಬದುಕಿದೆ ಎಂದು ನಾಲಿಗೆ ತುದಿಗೆ ಬಂದಿತ್ತು. ಆಡಲಾಗಲಿಲ್ಲ. ಆಡಿದರೆ ಅವರು ಕಟ್ಟುಪಾಡು ಮುರಿದದ್ದನ್ನು ನಾನೇ ಇನ್ನೊಮ್ಮೆ ಸಾರಿದ ಹಾಗೆ. ಎಂದಾದರೂ ಕರಗಬಹುದಾಗಿದ್ದ ಮುನಿಸೂ ಗಟ್ಟಿಯಾಗುತ್ತದೆ ಎನ್ನುವುದು ನಮ್ಮೂರಿನ ಭಯ. ಅವರಿಗೂ ಅದು ಗೊತ್ತು. ಗಂಜಿಗೆ ಉಪ್ಪು ಸಾಕಾ ಎಂದು ಕೇಳಿದರು. ಸಾಕು ಎಂದೆ.

ಆಗಲೇ ನನಗೆ ನಮ್ಮೂರಿನ ಒಂದು ವಿಷಯ ಹೊಳೆದದ್ದು. ಯಾರಾದರೂ ಕಟ್ಟುಪಾಡು ಮೀರಿ ಉಪಕಾರ ಮಾಡಿದರೆ ಅವರಿಗೆ ಕೈಮುಗಿಯುವ ದಾರಿಯೇ ನಮ್ಮಲ್ಲಿ ಇರಲಿಲ್ಲ. ಮುಗಿದರೆ ಅವರ ಕಸುಬೇ ಹೋಗಬಹುದು. ಹೀಗೆ ನುಂಗಿಕೊಂಡ ಉಪಕಾರ ಎಷ್ಟು ಹೊಟ್ಟೆಗಳಲ್ಲಿದೆಯೋ ಎಂದು ಆ ವಾರ್ಡಿನ ಮಂಚದ ಮೇಲೆ ಮಲಗಿ ಯೋಚಿಸಿದೆ.

ನಾಲ್ಕು ತಿಂಗಳಿಗೆ ಓಡಾಡುವಂತಾದಾಗ ನೆಟ್ಟಗೆ ಗ್ರಂಥಾಲಯಕ್ಕೆ ಹೋದೆ. ಅಲ್ಲಿ ಕರಿಬಸಪ್ಪ ಮೇಷ್ಟ್ರು ಕೂತಿರುತ್ತಾರೆ. ನನಗೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವರು, ರಿಟೈರಾಗಿ ಇಪ್ಪತ್ತು ವರ್ಷವಾದರೂ ಇನ್ನೂ ಕೋಟಿನ ಜೇಬಿನಲ್ಲಿ ಒಂದು ಸೀಮೆಸುಣ್ಣ ಇಟ್ಟುಕೊಂಡೇ ಓಡಾಡುವವರು. ನಡೆದದ್ದನ್ನೆಲ್ಲ ಹೇಳಿ, ಆಡಿದ ಮಾತನ್ನು ತೆಗೆದುಹಾಕಲು ಏನಾದರೂ ವ್ಯಾಕರಣ ಇದೆಯೇ ಎಂದು ಕೇಳಿದೆ. ತೆಗೆಯಲು ಬರುವುದಿಲ್ಲ, ಬಿಡಿಸಲು ಬರುತ್ತದೆ ಎಂದರು. ಅಲ್ಲಿದ್ದ ಹಲಗೆಯ ಮೇಲೆ ಬರೆದು ತೋರಿಸಿದರು. ಕಸುಬಿನಿಂದ ಕೇಡು ಎಂದು ಬಿಡಿಸಿದರೆ, ಕಸುಬನ್ನು ಹಿಡಿದುಕೊಂಡು ಇನ್ನೊಬ್ಬರಿಗೆ ಮಾಡಿದ ಕೇಡು. ಅದು ಸೋಮಣ್ಣನ ಹಾಲು. ಕಸುಬಿಗೆ ಕೇಡು ಎಂದು ಬಿಡಿಸಿದರೆ, ಇನ್ನೊಬ್ಬರಿಗೋಸ್ಕರ ತನ್ನ ಕಸುಬಿಗೇ ತಂದುಕೊಂಡ ಕೇಡು. ಅದು ಶಂಷಾದ್‌ಬಿಯ ಟೇಪು. ಪದ ಒಂದೇ, ವಿಭಕ್ತಿ ಬೇರೆ.

ಹಾಗಿದ್ದರೆ ಈಗಲೇ ಎರಡನೆಯ ಅರ್ಥ ಬರೆದು ನೋಟೀಸು ಬೋರ್ಡಿಗೆ ಹಾಕಿ ಎಂದೆ. ಮೇಷ್ಟ್ರು ನಕ್ಕರು. ಬರೆದರೆ ಅರ್ಥ ಬರುವುದಿಲ್ಲವಂತೆ. ಶಂಷಾದ್‌ಬಿಯ ಅಜ್ಜಿಯ ಕಾಲದಲ್ಲಿ ಹೆಂಗಸು ಗಂಡಸರ ಅಂಗಿ ಹೊಲಿಯುವುದೇ ಐದಕ್ಷರ ಎನ್ನಿಸಿಕೊಳ್ಳುತ್ತಿತ್ತಂತೆ. ಯಾರೋ ಆಡಿ, ಅಜ್ಜಿಯ ಮಿಷನ್ ನಿಂತಿತಂತೆ. ಆಮೇಲೆ ಜನ ಹಾಗೆ ಎನ್ನುವುದನ್ನು ಬಿಡುತ್ತಾ ಬಿಡುತ್ತಾ, ಒಂದು ಬೆಳಿಗ್ಗೆ ಮಿಷನ್ ತಾನೇ ಓಡಿತಂತೆ. ಎಷ್ಟು ದಿನಕ್ಕೆ ಎಂದು ಕೇಳಿದೆ.

“ಹನ್ನೊಂದು ವರ್ಷ,” ಎಂದರು ಮೇಷ್ಟ್ರು. “ಪ್ರಯೋಗ ಆಗ್ಬೇಕಮ್ಮ. ಹೊಸ ಅರ್ಥದಲ್ಲಿ ಜನ ಆ ಪದಾನ ನಿಜವಾಗಿ ಆಡ್ಬೇಕು. ಮನಸ್ಸಿಂದ, ಮುಖ ನೋಡಿ. ಹೊಸ ಅರ್ಥ ನಿಲ್ಲೋವರೆಗೆ ಹಳೇ ಅರ್ಥದ ಏಟೂ ಬೀಳುತ್ತೆ.”

ಶಂಷಾದಕ್ಕನಿಗೆ ಹನ್ನೊಂದು ವರ್ಷವಾದರೆ ಅರವತ್ತೊಂಬತ್ತು. ಅಷ್ಟು ಹೊತ್ತಿಗೆ ಚಪಾತಿ ಲಟ್ಟಿಸಿ ಲಟ್ಟಿಸಿ ಆ ಕೈ ಸೂಜಿಗೆ ದಾರ ಪೋಣಿಸುವುದನ್ನೇ ಮರೆತಿರುತ್ತದೆ. ನಾನು ಏಳದೆ ಕೂತೇ ಇದ್ದೆ. ಮೇಷ್ಟ್ರು ಕನ್ನಡಕ ಒರೆಸಿಕೊಂಡು, ಮೊದಲ ಪ್ರಯೋಗ ನನ್ನ ಮೇಲೇ ಮಾಡು, ನನ್ನದು ಹೇಗೂ ರಿಟೈರಾದ ಸೀಮೆಸುಣ್ಣ ಎಂದರು. ಹತ್ತನೆಯ ಕ್ಲಾಸಿನ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ನನಗೆ ಅವರು ಕೊಟ್ಟದ್ದು ಮೂವತ್ತೈದು. ನಾನು ಬರೆದದ್ದು ಮೂವತ್ತೊಂದಕ್ಕೆ ಎಂದು ಆಗಲೇ ನನಗೆ ಗೊತ್ತಿತ್ತು, ಕೂಡಿ ನೋಡಿಕೊಂಡಿದ್ದೆ. ಫೇಲಾಗಿದ್ದರೆ ನಮ್ಮಪ್ಪ ಅವತ್ತೇ ಶಾಲೆ ಬಿಡಿಸಿ ಗಂಡು ನೋಡುತ್ತಿದ್ದರು. ನಾನು ಎದ್ದು ನಿಂತು, ಕೈಕಟ್ಟಿಕೊಂಡು, ಮೇಷ್ಟ್ರೇ, ಆ ನಾಲ್ಕು ಮಾರ್ಕು ನೀವು ಮಾಡಿದ ಕಸುಬುಗೇಡು, ಅದರಿಂದಲೇ ಇವತ್ತು ನಾನು ಅನ್ನ ತಿನ್ನುತ್ತಿದ್ದೇನೆ ಎಂದೆ. ಮೇಷ್ಟ್ರು ಹಲಗೆಯ ಮೇಲೆ ಸೀಮೆಸುಣ್ಣ ಎಳೆದರು. ಗೆರೆ ಮೂಡಲಿಲ್ಲ. ಮತ್ತೆ ಎಳೆದರು. ಐವತ್ತು ವರ್ಷ ಅವರ ಬೆರಳ ನಡುವೆ ಇದ್ದ ಸುಣ್ಣ ಕಲ್ಲಿನ ಹಾಗೆ ಕಿರ್ರೆಂದಿತು ಅಷ್ಟೆ. ಒಂದಾಯಿತು, ಇನ್ನು ಮುಂದಕ್ಕೆ ನೋಡು ಎಂದು ಅದನ್ನು ಜೇಬಿಗೆ ಹಾಕಿಕೊಂಡರು. ನನಗೆ ಅವರ ಕಾಲಿಗೆ ಬೀಳಬೇಕೆನ್ನಿಸಿತು. ಹೊಟ್ಟೆಯ ಹೊಲಿಗೆಗೆ ಹೆದರಿ ಬೀಳಲಿಲ್ಲ.

ಆಮೇಲೆ ನಾನು ಮನೆ ಮನೆ ಹತ್ತಿದೆ. ಯಾರ ಉಪಕಾರವಾದರೂ ನಿಮ್ಮ ಹೊಟ್ಟೆಯಲ್ಲಿದೆಯೇ ಎಂದು ಕೇಳಿದರೆ ಮೊದಲು ಎಲ್ಲರೂ ಇಲ್ಲ ಎಂದರು. ಬಾಗಿಲು ಹಾಕಿಕೊಂಡವರೂ ಇದ್ದಾರೆ. ಕೆರೆ ಬೀದಿಯ ಯಲ್ಲೂಬಾಯಿ ಮಾತ್ರ ನನ್ನನ್ನು ಒಳಗೆ ಕೂರಿಸಿ ಅತ್ತುಬಿಟ್ಟಳು. ಹನ್ನೊಂದು ವರ್ಷದ ಹಿಂದೆ ಅವಳ ಮಗಳಿಗೆ ಬಸ್ಸಿನಲ್ಲಿ ಫಿಟ್ಸು ಬಂದಾಗ ಡ್ರೈವರ್ ಗುರುಸಿದ್ದ ಐವತ್ತು ಜನರಿದ್ದ ಬಸ್ಸನ್ನು ದಾರಿ ಬಿಟ್ಟು ಆಸ್ಪತ್ರೆಯ ಓಣಿಗೆ ನುಗ್ಗಿಸಿದ್ದನಂತೆ. ಅವನಿಗೆ ಇವತ್ತಿನವರೆಗೂ ಒಂದು ಮಾತು ಹೇಳಿಲ್ಲ, ಎದುರಿಗೆ ಸಿಕ್ಕಿದರೆ ರಸ್ತೆ ದಾಟಿಬಿಡುತ್ತೇನೆ ಎಂದಳು. ನಾನು ಗುರುಸಿದ್ದನನ್ನೇ ಕೇಳಿದೆ. ಅವನಿಗೂ ಅವಳು ರಸ್ತೆ ದಾಟುವುದು ಹನ್ನೊಂದು ವರ್ಷದಿಂದ ಚುಚ್ಚುತ್ತಿತ್ತಂತೆ. ಹೇಳಲಿ ಬಿಡಿ ಮೇಡಂ ಎಂದ. ಮಗಳನ್ನು ಕರೆದುಕೊಂಡು ಬಂದು, ಬಸ್ಸಿನ ಬಾಗಿಲಲ್ಲಿ ನಿಂತು ಯಲ್ಲೂಬಾಯಿ ಹೇಳಿದಳು. ಬಸ್ಸು ಅಲ್ಲೇ ಕೆಟ್ಟು ನಿಂತಿತು.

ಪೋಸ್ಟ್‌ಮನ್ ಫಕೀರಪ್ಪ ಒಂದು ಹುಡುಗಿಗೆ ಬಂದ ಕೆಟ್ಟ ಸುದ್ದಿಯ ಕಾಗದವನ್ನು ಅವಳ ಪರೀಕ್ಷೆ ಮುಗಿಯುವವರೆಗೆ ಮೂರು ದಿನ ಚೀಲದಲ್ಲೇ ಇಟ್ಟುಕೊಂಡಿದ್ದ. ಅವಳು ಈಗ ನರ್ಸು. ಅವಳೂ ಹೇಳಿದಳು, ಅವನ ಚೀಲದ ಬಾಯಿ ಬಿಚ್ಚದಾಯಿತು. ಒಂದು ತಿಂಗಳಿಗೆ ಹೀಗೆ ಹನ್ನೆರಡು ಸಲಕರಣೆಗಳು ನಿಂತವು. ಊರು ನನ್ನ ಮೇಲೆ ತಿರುಗಿಬಿತ್ತು. ಒಬ್ಬಳ ರವಿಕೆಗೋಸ್ಕರ ಊರಿಗೆ ಬೀಗ ಹಾಕುತ್ತಿದ್ದಾಳೆ ಎಂದರು. ಶಂಷಾದಕ್ಕನೇ ಹಾಸ್ಟೆಲಿನ ಹಿಂಬಾಗಿಲಲ್ಲಿ ನಿಲ್ಲಿಸಿ ಬೈದರು. ನನ್ನ ಕತ್ತರಿ ಹೋದರೆ ಹೋಗಲಿ, ಬೇರೆಯವರ ಕೈ ಯಾಕೆ ಕಟ್ಟುತ್ತೀರಿ, ನಿಲ್ಲಿಸಿ ಎಂದರು. ನನಗೂ ಧೈರ್ಯ ಇಂಗಿತ್ತು. ಇನ್ನೊಬ್ಬರ ಸಲಕರಣೆಗಳನ್ನೆಲ್ಲ ಪಣಕ್ಕೆ ಇಡುತ್ತಾ ಹೋದವಳು ನನ್ನದನ್ನು ಮಾತ್ರ ಹುಷಾರಾಗಿ ಇಟ್ಟುಕೊಂಡಿದ್ದೇನೆ ಎಂದು ಆಗ ನನಗೇ ಅನ್ನಿಸಿತು.

ಮಾರನೆಯ ದಿನ ಸೋಮವಾರ, ಸಂತೆ ದಿನ. ಹತ್ತು ಗಂಟೆಗೆ ನಿಲ್ದಾಣದಲ್ಲಿ ಕಾಲಿಡಲು ಜಾಗವಿಲ್ಲ. ಗುರುಸಿದ್ದನ ಬಸ್ಸು ಇನ್ನೂ ಎರಡನೆಯ ಅಂಕಣದಲ್ಲಿ ನಿಂತೇ ಇತ್ತು. ಅವತ್ತೂ ಅದು ಹೊರಡುವುದಿಲ್ಲ ಎಂದು ಹೇಳಲು ನಿಲ್ದಾಣದ ಸಾಹೇಬರು ಚೀಟಿ ಕಳಿಸಿದರು. ನಾನು ಮೈಕಿನ ಗುಂಡಿ ಒತ್ತಿದೆ. ಪ್ರಯಾಣಿಕರ ಗಮನಕ್ಕೆ ಎಂದೆ. ಸಾಹೇಬರ ಚೀಟಿಯನ್ನು ಮಡಿಸಿ ಪಕ್ಕಕ್ಕಿಟ್ಟೆ.

“ಇದು ಬಸ್ಸಿನ ವಿಷಯ ಅಲ್ಲ. ಮಗು ಕಳೆದಿಲ್ಲ, ಚೀಲ ಸಿಕ್ಕಿಲ್ಲ. ನಾನು ಕೋಮಲಾ. ಹೋದ ದೀಪಾವಳಿಗೆ ನನ್ನ ಎದೆ ಅಳತೆ ಮೂವತ್ತಾರು ಇಂಚು. ಯುಗಾದಿಗೆ ಮೂವತ್ತೆರಡು. ಅದನ್ನ ನನ್ನ ಯಜಮಾನ್ರಿಗೆ ಹೇಳಿದ್ದು ಶಂಷಾದಕ್ಕ. ಹೇಳಿದ್ರಿಂದ ನಾನು ಬದುಕಿದೀನಿ. ಶಂಷಾದಕ್ಕ, ಚಪಾತಿ ಬಿಟ್ಟು ಕೇಳಿಸ್ಕೊಳ್ಳಿ. ನೀವು ಮಾಡಿದ್ದು ಕಸುಬುಗೇಡು. ನಿಮ್ಮ ಉಪಕಾರ ನಾನು ಸಾಯೋವರೆಗೂ ಮರೆಯಲ್ಲ. ಈಗ ನಾನು ಮಾಡ್ತಿರೋದೂ ಕಸುಬುಗೇಡೇ.”

ತನ್ನ ಮೇಲೆ ತಾನೇ ಆಡಿಕೊಂಡವರು ಅದುವರೆಗೆ ನಮ್ಮೂರಲ್ಲಿ ಯಾರೂ ಇರಲಿಲ್ಲ. ಟಪ್ಪೆಂದಿತು, ಮೈಕಿನ ಕೆಂಪು ದೀಪ ಆರಿತು. ನಾಲ್ಕೂ ಕಂಬ ಮೂಕಾದವು. ಮೈಕು ಸತ್ತರೂ ಗಂಟಲು ಸತ್ತಿರಲಿಲ್ಲ. ಕೋಣೆಯಿಂದ ಹೊರಗೆ ಬಂದು ಕಟ್ಟೆಯ ಮೇಲೆ ನಿಂತು, ಯಾರ್ಯಾರ ಹೊಟ್ಟೆಯಲ್ಲಿ ಏನೇನಿದೆಯೋ ಇವತ್ತು ಹೇಳಿಬಿಡಿ, ನನ್ನದಂತೂ ಹೋಯಿತು ಎಂದು ಕೂಗಿದೆ. ಯಾರೂ ಅಲುಗಾಡಲಿಲ್ಲ. ಕೈಯಲ್ಲಿ ಹೂಕೋಸು ಹಿಡಿದುಕೊಂಡ ಒಬ್ಬ ಮುದುಕ ನನ್ನನ್ನೇ ನೋಡುತ್ತಾ ನಿಂತಿದ್ದ. ಅವನೇ ಮೊದಲು ತಿರುಗಿದ್ದು. ಪಕ್ಕದಲ್ಲಿದ್ದ ಕಂಡಕ್ಟರಿನ ತೋಳು ಹಿಡಿದು, ನನ್ನ ಹೆಂಡತಿ ಕಡೇ ದಿನಗಳಲ್ಲಿ ಆಸ್ಪತ್ರೆಗೆ ಓಡಾಡುವಾಗ ನೀನು ಅವಳಿಗೆ ಯಾವತ್ತೂ ಟಿಕೆಟು ಹರಿಯಲಿಲ್ಲವಲ್ಲಪ್ಪ, ಅದು ಕಸುಬುಗೇಡು ಕಣಯ್ಯ, ನಿನ್ನ ಹೊಟ್ಟೆ ತಣ್ಣಗಿರಲಿ ಎಂದ. ಆಮೇಲೆ ಹೂವು ಮಾರುವವಳು. ಆಮೇಲೆ ಆ ನರ್ಸು. ಕಾಲೇಜಿನ ಹುಡುಗಿಯರು ಅವರ ವಾರ್ಡನ್ನಿನ ಹೆಸರು ಕೂಗಿದರು. ಐದಕ್ಷರವನ್ನು ಬಾಯಿಬಿಟ್ಟು ಹೇಳದ ಊರು ಅವತ್ತು ಸಂತೆಯ ನಡುವೆ ಅದನ್ನು ಹೇಳಿ ಹೇಳಿ ಅಳುತ್ತಿತ್ತು. ಯಲ್ಲೂಬಾಯಿ ಗುರುಸಿದ್ದನಿಗೆ ಎರಡನೆಯ ಸಲ ಹೇಳಿದಳು.

ಸಾಹೇಬರು ಓಡಿಬಂದು ಇದೇನಮ್ಮ ಇದು, ಒಳಗೆ ಹೋಗಿ ಕೂತ್ಕೊಳ್ಳಿ ಎಂದರು. ಹೋಗಿ ಕೂತೆ. ಬಾಗಿಲಲ್ಲಿ ನಿಂತು ಅವರು ಬೈಯುತ್ತಲೇ ಇದ್ದರು. ನನಗೆ ತಡೆಯಲಾಗಲಿಲ್ಲ.

“ಸ್ವಲ್ಪ ಸುಮ್ನಿರಿ ಸಾಹೇಬ್ರೇ, ಅಳ್ತಿದೀನಿ,” ಎಂದೆ.

ಅಳ್ತಿದೀನಿ ಎಂದು ನಾಲ್ಕೂ ಕಂಬದ ಸ್ಪೀಕರುಗಳು ಹೇಳಿದವು. ಕೆರೆ ಏರಿಯವರೆಗೂ ಕೇಳಿತಂತೆ. ಕೆಂಪು ದೀಪ ಹತ್ತಿತ್ತು. ಹೊರಗೆ ಗುರುಸಿದ್ದನ ಬಸ್ಸು ಎರಡು ಸಲ ಕೆಮ್ಮಿ ಶುರುವಾಯಿತು, ಜನ ಹೋ ಎಂದರು. ನಾನು ಕಣ್ಣು ಒರೆಸಿಕೊಂಡು ಎರಡನೆಯ ಅಂಕಣದ ಬಸ್ಸು ಈಗ ಹೊರಡುತ್ತದೆ ಎಂದು ಕೂಗಿ, ಸಾಹೇಬರನ್ನು ಕೇಳದೆಯೇ ಎದ್ದು ನಡೆದೆ.

ಶಂಷಾದಕ್ಕ ಹಾಸ್ಟೆಲಿನಲ್ಲಿರಲಿಲ್ಲ. ಅಂಗಡಿಯ ಬಾಗಿಲು ತೆಗೆದು ಮೇಜಿನ ಮುಂದೆ ನಿಂತಿದ್ದರು, ಕೈಯಲ್ಲಿ ಇನ್ನೂ ಹಿಟ್ಟು ಮೆತ್ತಿಕೊಂಡಿತ್ತು. ಅರ್ಧ ಕಡಿದ ಗಿಳಿಹಸಿರು ಬಟ್ಟೆ ಅಲ್ಲೇ ಇತ್ತು. ಅದರ ಒಡತಿ ಅಪಶಕುನವೆಂದು ಬಿಟ್ಟುಹೋಗಿದ್ದಳಂತೆ. ಅವರು ಕತ್ತರಿ ಮುಟ್ಟಿರಲಿಲ್ಲ. ಕಡಿಯದೆ ಹೋದರೆ ಎಂದು ಭಯವಂತೆ.

“ಮುಖ ನೋಡಿ ಹೇಳ್ಬೇಕಂತಲ್ಲ, ಮೈಕಲ್ಲಿ ಹೇಳಿದ್ರೆ ಆಗುತ್ತಾ,” ಎಂದರು.

ಹತ್ತಿರ ಹೋಗಿ ಅವರ ಹಿಟ್ಟಿನ ಕೈ ಎರಡನ್ನೂ ಹಿಡಿದುಕೊಂಡೆ. ನನ್ನ ಜನ್ಮದಲ್ಲೇ ಅಷ್ಟು ಮೆಲ್ಲಗೆ ಏನನ್ನೂ ಹೇಳಿರಲಿಲ್ಲ. ಅವರು ಕೈ ಒರೆಸಿಕೊಂಡು ಕತ್ತರಿ ತೆಗೆದುಕೊಂಡರು. ಆರು ತಿಂಗಳ ಹಿಂದೆ ನಿಂತಿದ್ದ ಜಾಗದಲ್ಲೇ ಇಟ್ಟು ಹಿಡಿ ಅದುಮಿದರು. ಬಟ್ಟೆ ಕರ್ರನೆ ಕಡಿಯಿತು. ಇಬ್ಬರೂ ಸೇರಿ ಆ ಹಸಿರು ಬಟ್ಟೆಯ ಮೇಲೆ ಅತ್ತೆವು. ಅದು ಯಾರಿಗೂ ಬೇಡದ ಬಟ್ಟೆಯಾಗಿದ್ದರಿಂದ ನನಗೇ ರವಿಕೆಯಾಯಿತು.

ಮೇಷ್ಟ್ರ ಸೀಮೆಸುಣ್ಣ ಬರೆಯುತ್ತದೆ, ಫಕೀರಪ್ಪನ ಚೀಲ ಬಿಚ್ಚಿಕೊಂಡಿದೆ. ಸೋಮಣ್ಣನೂ ಆಸೆಯಿಂದ ಅಟ್ಟದ ಮೇಲಿನ ಪಾವು ಇಳಿಸಿ ಹಾಲು ಹುಯ್ದು ನೋಡಿದನಂತೆ, ಹಾಗೇ ಸೋರಿಹೋಯಿತಂತೆ. ಮೊದಲ ಅರ್ಥ ಎಲ್ಲಿಗೂ ಹೋಗಿಲ್ಲ. ಎರಡನೆಯದು ಅದರ ಪಕ್ಕದಲ್ಲಿ ಬಂದು ಕೂತಿದೆ, ಅಷ್ಟೆ. ಮೇಷ್ಟ್ರು ಎರಡನ್ನೂ ಹಲಗೆಯ ಮೇಲೆ ಬರೆದಿದ್ದಾರೆ. ಎರಡನೆಯದರ ಕೆಳಗೆ ಉದಾಹರಣೆಗೆ ಎಂದು ಹಾಕಿ ನನ್ನ ನಾಲ್ಕು ಮಾರ್ಕಿನ ವಿಷಯ ಬರೆದಿರುವುದು ನನಗೆ ಅಷ್ಟು ಹಿಡಿಸಲಿಲ್ಲ.

ಮೊನ್ನೆ ಮತ್ತೆ ದೀಪಾವಳಿಗೆ ಅಳತೆ ಕೊಡಲು ಹೋಗಿದ್ದೆ. ಶಂಷಾದಕ್ಕ ಟೇಪು ಹಿಡಿದು, ಬೆನ್ನು ತಿರುಗಿಸಿ ಗೀಚಿಕೊಂಡು, ಪುಸ್ತಕ ಮುಚ್ಚಿ, ಬೇರೆ ಯಾರದೋ ಬಟ್ಟೆ ಕತ್ತರಿಸತೊಡಗಿದರು. ಎಷ್ಟು ಏರಿದೆ, ಡಾಕ್ಟರು ಕೇಳಿದ್ದಾರೆ, ಹೇಳಿ ಎಂದೆ. ತಲೆಯಲ್ಲಾಡಿಸಿದರು. ಊರಿಗೆಲ್ಲ ನಾನೇ ಮೈಕಿನಲ್ಲಿ ಸಾರಿದ್ದೇನೆ, ಇನ್ನು ಮುಚ್ಚಿಡಲು ಏನು ಉಳಿದಿದೆ ಎಂದೆ.

“ನೀವು ಸಾರ್ಕೊಳ್ಳಿ, ನನ್ನ ಬಾಯಿಗೆ ಬರಬಾರ್ದು,” ಎಂದರು. ಬಟ್ಟೆಯಿಂದ ಕಣ್ಣೆತ್ತದೆ, ತುಟಿಯಲ್ಲೇ ನಗುತ್ತಾ, “ಬೇಕಾದ್ರೆ ನಿಮ್ಮ ಯಜಮಾನ್ರಿಗೆ ಹೇಳಿ ಕಳಿಸ್ತೀನಿ,” ಎಂದರು.

ನಾನು ಅವರ ಮುಖವನ್ನೇ ನೋಡಿಕೊಂಡು ಕಸುಬುಗೇಡಿ ಎಂದೆ. ಕತ್ತರಿ ನಿಲ್ಲಲಿಲ್ಲ.